ಲಂಡನ್ ಮನೆಯ ನೆಲ ಯಾವ ಮರದ್ದು?

ಲಂಡನ್ನಿನಲ್ಲಿ ನೂರು ವರ್ಷ ದಾಟಿದ ಸಾಲುಮನೆ ಕೊಂಡವರು ಬೀಗದ ಕೈ ಸಿಕ್ಕ ಕೂಡಲೇ ಮಾಡುವ ಕೆಲಸಗಳಲ್ಲಿ ಹಳೆಯ ಕಾರ್ಪೆಟ್ ಕೀಳಿಸುವುದೂ ಒಂದು. ಹ್ಯಾರೋದಿಂದ ಕ್ರಾಯ್ಡನ್ನಿನವರೆಗೆ ನೆಲೆಸಿರುವ ಕನ್ನಡದ ಕುಟುಂಬಗಳೂ ಇದಕ್ಕೆ ಹೊರತಲ್ಲ. ಕಾರ್ಪೆಟ್ ಹೋದ ಜಾಗಕ್ಕೆ ಓಕ್ ಮರದ ನೆಲ ಬರಬೇಕು, ಅದೇ ಆ ಮನೆಯ ನಿಜವಾದ ರೂಪ ಎಂಬ ನಂಬಿಕೆ ಅಂಗಡಿಯವರಲ್ಲೂ ಇದೆ, ಕೊಳ್ಳುವವರಲ್ಲೂ ಇದೆ. ಇತಿಹಾಸ ಈ ನಂಬಿಕೆಯನ್ನು ಒಪ್ಪುವುದಿಲ್ಲ. 1666ರ ಮಹಾ ಬೆಂಕಿಯ ನಂತರದ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಲಂಡನ್ನಿನ ಸಾಮಾನ್ಯ ಮನೆ ನಿಂತದ್ದು ಉತ್ತರ ಯುರೋಪಿನಿಂದ ಹಡಗಿನಲ್ಲಿ ಬಂದ ಪೈನ್, ಸ್ಪ್ರೂಸ್‌ನಂಥ ಮೆದುಮರದ ಹಲಗೆಗಳ ಮೇಲೆ. ಎದ್ದು ಕಾಣುವ ಗಟ್ಟಿಮರದ ನೆಲ ಸಿರಿವಂತರ ಗುರುತಾಗಿತ್ತು, ಆಮೇಲೆ ಸಾಮ್ರಾಜ್ಯದ ಸರಕಾಯಿತು, ಎಲ್ಲರ ಮನೆಯ ಬಯಕೆಯಾದದ್ದು ತೀರ ಈಚೆಗೆ. ಲಂಡನ್ನಿಗರ ಕಾಲಡಿ ಯಾವ ಮರ ಇರಬೇಕೆಂಬುದನ್ನು ಅಭಿರುಚಿಗಿಂತ ಹೆಚ್ಚಾಗಿ ಹಡಗು, ಸುಂಕ ಮತ್ತು ಕಾನೂನು ತೀರ್ಮಾನಿಸಿವೆ. ಇದನ್ನು ತಿಳಿದವರು ನೆಲ ಆರಿಸುವಾಗ ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ.

1666ರ ಸೆಪ್ಟೆಂಬರಿನ ಬೆಂಕಿಯಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಮರುವರ್ಷ ಬಂದ ಪುನರ್ನಿರ್ಮಾಣ ಕಾಯ್ದೆ ಹೊರಗೋಡೆಗಳು ಇಟ್ಟಿಗೆ ಇಲ್ಲವೇ ಕಲ್ಲಿನವೇ ಆಗಬೇಕೆಂದು ವಿಧಿಸಿತು. ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಒಳಗಿನ ತೊಲೆಗಳ ಗಾತ್ರವನ್ನೂ ಗೊತ್ತುಪಡಿಸಿತು. ಗೋಡೆಯಿಂದ ಮರ ಹೊರಟುಹೋಯಿತು, ನೆಲದಲ್ಲಿ ಮಾತ್ರ ಉಳಿಯಿತು. ಸಾವಿರಾರು ಮನೆಗಳು ಒಟ್ಟಿಗೆ ಏಳುತ್ತಿದ್ದ ಊರಿಗೆ ಬೇಕಾದಷ್ಟು ಹಲಗೆ ಇಂಗ್ಲೆಂಡಿನ ಕಾಡುಗಳಲ್ಲಿ ಸಿಗುವಂತಿರಲಿಲ್ಲ. ಅಲ್ಲಿನ ಓಕ್ ಮರದ ಮೇಲೆ ಮೊದಲ ಹಕ್ಕು ನೌಕಾಪಡೆಯದಾಗಿತ್ತು. ಡೆಟ್‌ಫರ್ಡ್ ಮತ್ತು ವುಲಿಚ್‌ನ ರಾಜನೌಕಾಂಗಣಗಳು ಓಕ್ ದಿಮ್ಮಿಗಳನ್ನು ನುಂಗುತ್ತಲೇ ಇದ್ದವು. ಅದೇ ಡೆಟ್‌ಫರ್ಡಿನಲ್ಲಿ ಮನೆ ಮಾಡಿಕೊಂಡಿದ್ದ ಲೇಖಕ ಜಾನ್ ಎವೆಲಿನ್, ನಾಡಿನ ಮರ ಮುಗಿಯುತ್ತಿದೆ, ಗಿಡ ನೆಡಿ ಎಂದು ಎಚ್ಚರಿಸಲು ‘ಸಿಲ್ವಾ’ ಗ್ರಂಥವನ್ನು ಪ್ರಕಟಿಸಿದ್ದು 1664ರಲ್ಲಿ, ಬೆಂಕಿ ಬೀಳುವುದಕ್ಕೆ ಎರಡು ವರ್ಷ ಮೊದಲು. ಹೀಗೆ ಓಕ್ ಹಡಗಿಗೆ ಹೋಯಿತು, ಮನೆಯ ನೆಲಕ್ಕೆ ನಾರ್ವೆಯ ಹಲಗೆ ಬಂತು. ಬೇಡಿಕೆ ಬೆಳೆದಂತೆ ಬಾಲ್ಟಿಕ್ ಸಮುದ್ರದ ರೀಗಾ, ಮೆಮೆಲ್, ಡಾನ್‌ಜಿಗ್ ಬಂದರುಗಳೂ ಲಂಡನ್ನಿಗೆ ಮರ ಕಳಿಸತೊಡಗಿದವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬೆಂಕಿಗೆ ಮುಂಚಿನ ಮನೆಗಳಲ್ಲಿ ಓಕ್, ಎಲ್ಮ್ ಹಲಗೆಗಳೇ ಇದ್ದವಲ್ಲ, ಹಾಗಾದರೆ ಗಟ್ಟಿಮರವೇ ಹಳೆಯ ಸಂಪ್ರದಾಯವಲ್ಲವೇ? ಇದ್ದದ್ದು ನಿಜ, ಆದರೆ ಬಹುಮಟ್ಟಿಗೆ ಉಪ್ಪರಿಗೆಗಳಲ್ಲಿ. ಬಡವರ ಮನೆಯ ಕೆಳಗಿನ ನೆಲ ಬಡಿದು ಗಟ್ಟಿಮಾಡಿದ ಮಣ್ಣಿನದು, ಅದರ ಮೇಲೆ ಹರಡುತ್ತಿದ್ದದ್ದು ಜೊಂಡುಹುಲ್ಲು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಇದ್ದು ಹೋದ ವಿದ್ವಾಂಸ ಎರಾಸ್ಮಸ್ ಆ ಹುಲ್ಲಿನ ಅಡಿಯಲ್ಲಿ ವರ್ಷಗಟ್ಟಲೆ ಕೂಡಿದ ಹೊಲಸಿನ ಬಗ್ಗೆ ಅಸಹ್ಯಪಟ್ಟು ಪತ್ರ ಬರೆದಿದ್ದಾನೆ. ಅದಕ್ಕಿಂತ ಮುಖ್ಯವಾಗಿ, ಆ ಊರಿನ ಬಹುಭಾಗ ಉಳಿದೇ ಇಲ್ಲ. ಇಂದು ಜನ ಕೊಳ್ಳುವ ಜಾರ್ಜಿಯನ್, ವಿಕ್ಟೋರಿಯನ್, ಎಡ್ವರ್ಡಿಯನ್ ಮನೆಗಳು ಬೆಂಕಿಯ ಈಚಿನ ಪರಂಪರೆಗೆ ಸೇರಿದವು. ಆ ಪರಂಪರೆಯಲ್ಲಿ ಗಟ್ಟಿಮರದ ನೆಲ ನೋಡಬೇಕೆಂದರೆ ರಿಚ್ಮಂಡ್ ಬಳಿಯ ಹ್ಯಾಮ್ ಹೌಸಿನಂಥ ಕಡೆಗೆ ಹೋಗಬೇಕು. 1670ರ ದಶಕದಲ್ಲಿ ಆ ಮನೆಯ ಒಡೆಯರಾದ ಲಾಡರ್‌ಡೇಲ್ ದಂಪತಿಗಳು ರಾಣಿ ಕ್ಯಾಥರೀನಳ ಬರವಿಗೆಂದು ಸಜ್ಜುಗೊಳಿಸಿದ ಕೋಣೆಗಳಲ್ಲಿ ಸೀಡರ್, ವಾಲ್ನಟ್ ಮರಗಳ ಚಿತ್ತಾರದ ಪಾರ್ಕೆ ನೆಲ ಇದೆ. ಅದನ್ನು ಮಾಡಿಸಿದ್ದು ರಾಣಿಗಾಗಿ. ಮನೆ ಎಂದರೆ ಹೀಗಿರುತ್ತಿತ್ತು ಎನ್ನುವುದಕ್ಕೆ ಅದು ಸಾಕ್ಷಿಯಲ್ಲ, ಯಾರಿಗೆ ಮಾತ್ರ ಹೀಗಿರುತ್ತಿತ್ತು ಎನ್ನುವುದಕ್ಕೆ ಸಾಕ್ಷಿ.

ಸಾಮಾನ್ಯರ ನೆಲದ ಚರಿತ್ರೆ ಥೇಮ್ಸ್ ದಕ್ಷಿಣ ದಂಡೆಯ ರಾಥರ್‌ಹೈತ್‌ನಲ್ಲಿದೆ. ಅಲ್ಲಿನ ಸರ್ರೆ ಕಮರ್ಷಿಯಲ್ ಡಾಕ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಮರದ ಉಗ್ರಾಣವಾಗಿ ಬೆಳೆಯಿತು. ರಷ್ಯಾ ಡಾಕ್, ನಾರ್ವೆ ಡಾಕ್, ಕೆನಡಾ ಡಾಕ್ ಎಂಬ ಹೆಸರುಗಳೇ ಸರಕು ಎಲ್ಲಿಯದೆಂದು ಹೇಳುತ್ತವೆ. ಅಲ್ಲಿ ಕೂಲಿ ಮಾಡುತ್ತಿದ್ದವರು ‘ಡೀಲ್’ ಎಂಬ ಮೆದುಮರದ ಹಲಗೆ ಹೊರುವ ಡೀಲ್ ಪೋರ್ಟರುಗಳು. ಕತ್ತಿನ ಹಿಂಭಾಗಕ್ಕೂ ಹೆಗಲಿಗೂ ಇಳಿಬಿದ್ದ ಚರ್ಮದ ಟೋಪಿ ತೊಟ್ಟು, ಬಾಗುವ ಉದ್ದನೆಯ ಹಲಗೆಗಳನ್ನು ಹೆಗಲ ಮೇಲೆ ಸಮತೂಕದಲ್ಲಿ ಇಟ್ಟುಕೊಂಡು, ಕಿರಿದಾದ ಹಾಸುಹಲಗೆಯ ಮೇಲೆ ನಡೆದು ಅಟ್ಟಿ ಒಟ್ಟುತ್ತಿದ್ದರು. ಹಲಗೆಯ ತೊನೆತಕ್ಕೆ ಹೆಜ್ಜೆ ಹೊಂದಿಸುವುದು ಆ ಕಸುಬಿನ ಮರ್ಮ. ಹೆಜ್ಜೆ ತಪ್ಪಿದರೆ ಆಳು ಕೆಳಗೆ. ಮರದ ವ್ಯಾಪಾರಿಗಳು ಲೆಕ್ಕ ಹಾಕುತ್ತಿದ್ದ ಅಳತೆಯೂ ಪರದೇಶದ್ದೇ. ಪೀಟರ್ಸ್‌ಬರ್ಗ್ ಸ್ಟ್ಯಾಂಡರ್ಡ್ ಎಂದರೆ 165 ಘನ ಅಡಿ, ಅಂದರೆ ಹನ್ನೆರಡು ಅಡಿ ಉದ್ದ, ಹನ್ನೊಂದು ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ 120 ಹಲಗೆ. ಸುಂಕದ ಕೈವಾಡವೂ ಕಡಿಮೆಯದಲ್ಲ. ನೆಪೋಲಿಯನ್ ಯುದ್ಧದ ಕಾಲದಲ್ಲಿ ಬಾಲ್ಟಿಕ್ ಮರದ ಮೇಲೆ ಭಾರಿ ಸುಂಕ ಬಿತ್ತು, ಕೆನಡಾದ ಮರಕ್ಕೆ ರಿಯಾಯಿತಿ ಸಿಕ್ಕಿತು. 1842ರಲ್ಲಿ ಸುಂಕ ಇಳಿಯಿತು, 1866ರಲ್ಲಿ ಪೂರ್ತಿ ರದ್ದಾಯಿತು. ಲಂಡನ್ನಿನ ಸಾಲುಮನೆಗಳು ಮೈಲಿಗಟ್ಟಲೆ ಹಬ್ಬಿದ್ದು ಈ ಅಗ್ಗದ ಹಲಗೆಯ ಕಾಲದಲ್ಲೇ.

ಈ ಹಲಗೆಗಳನ್ನು ಹಾಕಿದ್ದು ಮುಚ್ಚುವುದಕ್ಕಾಗಿ. ವಿಕ್ಟೋರಿಯನ್ ಮನೆಯ ಕಾರ್ಪೆಟ್ ಎತ್ತಿದರೆ ಇದರ ಪುರಾವೆ ಕಣ್ಣೆದುರೇ ಸಿಗುತ್ತದೆ. ಗೋಡೆಯ ಉದ್ದಕ್ಕೂ ಒಂದೆರಡು ಅಡಿ ಅಗಲಕ್ಕೆ ಕಪ್ಪುಗಂದು ಬಣ್ಣದ ಅಂಚು, ನಡುವೆ ಬಣ್ಣ ಕಾಣದ ಬೆಳ್ಳನೆಯ ಹಲಗೆ, ಸಾಲಾಗಿ ಮೊಳೆಯ ತಲೆಗಳು, ಹಲಗೆ ಹಲಗೆಯ ನಡುವೆ ದೂಳು ತುಂಬಿದ ಸಂದು. ಜಮಖಾನೆ ಹೊದ್ದಿದ್ದ ಭಾಗಕ್ಕೆ ಯಾರೂ ಬಣ್ಣ ಖರ್ಚು ಮಾಡಲಿಲ್ಲ. ಜಮಖಾನೆ ಕೊಳ್ಳಲಾಗದವರಿಗೆ ಬಣ್ಣ ಬಳಿದ ಕ್ಯಾನ್ವಾಸಿನ ಹಾಸು ಇತ್ತು. ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಸ್ಟೇನ್ಸ್‌ನಲ್ಲಿ ಕಾರ್ಖಾನೆ ತೆರೆದ ಮೇಲೆ ಲಿನೋಲಿಯಂ ಬಂತು. ನೆಲ ತೆರೆದಿರಬೇಕೆಂಬ ಮಾತು ಮೊದಲು ಜೋರಾದದ್ದು ಅಂದಕ್ಕಿಂತ ಆರೋಗ್ಯದ ಹೆಸರಿನಲ್ಲಿ. ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ದೂಳಿನ ಗೂಡು ಎಂದು 1884ರಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಆರೋಗ್ಯ ಪ್ರದರ್ಶನಕ್ಕಾಗಿ ಬರೆದ ಕೈಪಿಡಿಯಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಎಡಿಸ್ ವಾದಿಸಿದರು. ಅಭಿರುಚಿಗೂ ಪಾಲಿದೆಯಲ್ಲ ಎನ್ನುವವರಿಗೆ ಇಷ್ಟು ಒಪ್ಪಬಹುದು: ಅಭಿರುಚಿ ದಾರಿ ತೋರಿಸಿತು. ಆದರೆ ಸಾಮಾನ್ಯರ ಕೈಗೆ ಗಟ್ಟಿಮರ ಎಟುಕಲು ಹಡಗಿನ ಜಗತ್ತೇ ಬದಲಾಗಬೇಕಾಯಿತು.

ಆ ಬದಲಾವಣೆಗೆ ನಮ್ಮ ಕರಾವಳಿಯೂ ಸಾಕ್ಷಿ. ಇಂಗ್ಲೆಂಡಿನ ಓಕ್ ಸಾಲದೆ ಬಂದಾಗ ಈಸ್ಟ್ ಇಂಡಿಯಾ ಕಂಪನಿಯ ಕಣ್ಣು ಮಲಬಾರ್ ಮತ್ತು ಕೆನರಾದ ತೇಗದ ಕಾಡುಗಳ ಮೇಲೆ ಬಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡ. ಹೆಸರಿಗೆ ಸಂರಕ್ಷಣೆ, ನಡೆದದ್ದು ಮರದ ಮೇಲಿನ ಏಕಸ್ವಾಮ್ಯ. ರೈತರು ಮತ್ತು ವ್ಯಾಪಾರಿಗಳ ವಿರೋಧ ಬೆಳೆದು 1823ರಲ್ಲಿ ಆ ಹುದ್ದೆಯೇ ರದ್ದಾಯಿತು. ತೇಗವೂ ಹೋದದ್ದು ಹಡಗಿಗೇ. ಮುಂಬಯಿಯ ಹಡಗುಕಟ್ಟೆಯಲ್ಲಿ ಮಲಬಾರ್ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಓಕ್ ಆಗಲಿ ತೇಗ ಆಗಲಿ, ಗಟ್ಟಿಮರ ಮೊದಲು ಯುದ್ಧಕ್ಕೆ, ಮನೆಗೆ ಆಮೇಲೆ. 1860ರ ಕೊನೆಯಲ್ಲಿ ಥೇಮ್ಸ್ ದಂಡೆಯ ಬ್ಲ್ಯಾಕ್‌ವಾಲ್‌ನಲ್ಲಿ ಕಬ್ಬಿಣದ ಒಡಲಿನ ವಾರಿಯರ್ ಯುದ್ಧನೌಕೆ ನೀರಿಗಿಳಿಯಿತು. ನೌಕಾಪಡೆಯ ಮರದ ಹಸಿವು ಅಲ್ಲಿಂದ ಇಳಿಮುಖವಾಯಿತು. ಉಗಿಹಡಗುಗಳು ತೂಕದ ಸರಕನ್ನು ದೂರದಿಂದ ತರತೊಡಗಿದವು. ಪಶ್ಚಿಮ ಆಸ್ಟ್ರೇಲಿಯಾದ ಜಾರ, ಕರಿ ಮರಗಳು ಲಂಡನ್ನಿನ ಬೀದಿಗಳಿಗೇ ಹಾಸಾದವು. 1930ರಲ್ಲಿ ಆಲ್ಡ್ವಿಚ್‌ನಲ್ಲಿ ತೆರೆದ ಇಂಡಿಯಾ ಹೌಸ್ ಭಾರತದ ಮರಗಳನ್ನು ತನ್ನ ಒಳಾಂಗಣದಲ್ಲಿ ಮೆರೆಸಿತು.

ಎರಡನೆಯ ಆಕ್ಷೇಪ ಇಲ್ಲಿಂದ ಏಳುತ್ತದೆ. 1930ರ ದಶಕದ ಉಪನಗರದ ಮನೆಗಳ ಹಜಾರಗಳಲ್ಲಿ ಮೀನೆಲುಬಿನ ವಿನ್ಯಾಸದ ಗಟ್ಟಿಮರದ ತುಂಡುಗಳು ನಿಜವಾಗಿಯೂ ಇವೆಯಲ್ಲ? ಇವೆ, ಅಲ್ಲಿ ಅವು ಅಸಲಿಯೇ. ಆದರೆ ಮನೆಗೆ ಬಂದವರಿಗೆ ಕಾಣುವ ಜಾಗಕ್ಕೆ ಮರದ ತುಂಡು, ಉಳಿದ ಕೋಣೆಗಳಿಗೆ ಎಂದಿನ ಮೆದುಮರ ಎಂಬುದೇ ಆಗಿನ ರೂಢಿ. ಹಳೆಯದೆಂಬ ಭಾವವನ್ನು ಹೊಸದಾಗಿ ಕಟ್ಟುವ ಕೆಲಸವೂ ಆಗಲೇ ಶುರುವಾಗಿತ್ತು. ಗ್ರೇಟ್ ಮಾರ್ಲ್‌ಬರೋ ಬೀದಿಯ ಲಿಬರ್ಟಿ ಅಂಗಡಿ ನೋಡಿದವರಿಗೆ ಟ್ಯೂಡರ್ ಕಾಲದ್ದೆನಿಸುತ್ತದೆ. ಅದು ಎದ್ದದ್ದು 1924ರಲ್ಲಿ, ಇಂಪ್ರೆಗ್ನಬಲ್ ಮತ್ತು ಹಿಂದುಸ್ತಾನ್ ಎಂಬ ಎರಡು ಹಳೆಯ ನೌಕೆಗಳನ್ನು ಒಡೆದು ತೆಗೆದ ಮರದಿಂದ. ನೌಕೆಯ ಅಟ್ಟವೇ ಅಂಗಡಿಯ ನೆಲವಾಯಿತು. ಇಷ್ಟಾದರೂ ಗಟ್ಟಿಮರ ಮನೆಮನೆಗೆ ಬರಲಿಲ್ಲ. 1940ರ ಸೆಪ್ಟೆಂಬರ್ 7ರಂದು ಜರ್ಮನ್ ಬಾಂಬುಗಳಿಗೆ ಸರ್ರೆ ಡಾಕ್ಸಿನ ಮರದ ಅಟ್ಟಿಗಳು ಹೊತ್ತಿ ಉರಿದವು. ಯುದ್ಧ ಮುಗಿದ ಮೇಲೂ ವರ್ಷಗಟ್ಟಲೆ ಮರಕ್ಕೆ ಪರವಾನಗಿ ಬೇಕಾಗಿತ್ತು, ಹೊಸ ಮನೆಗಳ ಕೆಳನೆಲ ಕಾಂಕ್ರೀಟಿಗೆ ತಿರುಗಿತು. ಆಮೇಲಿನದು ಕಾರ್ಪೆಟ್ ಯುಗ. ಸರ್ರೆ ಡಾಕ್ಸ್ 1970ರಲ್ಲಿ ಮುಚ್ಚಿತು. ಮರದ ನೆಲ ತೆರೆದಿಡುವ ಗೀಳು ಶತಮಾನದ ಕೊನೆಗೆ ಹಬ್ಬಿದಾಗ ಅದಕ್ಕೆ ನೆರವಾದದ್ದು ಕೆಳಗೆ ಅಗ್ಗದ ಮರ, ಮೇಲೆ ತೆಳು ಓಕ್ ಇರುವ ಪದರದ ಹಲಗೆ. ಅದರ ಪೇಟೆಂಟನ್ನು ಸ್ವೀಡನ್ನಿನ ಗುಸ್ತಾಫ್ ಶೇರ್ ಪಡೆದದ್ದು 1941ರಲ್ಲಿ.

ಇತಿಹಾಸ ಏನೇ ಇರಲಿ, ಗಟ್ಟಿಮರ ಹೆಚ್ಚು ಬಾಳುತ್ತದಲ್ಲ ಎಂಬುದು ಕೊನೆಯ ಮತ್ತು ಗಟ್ಟಿಯಾದ ಆಕ್ಷೇಪ. ಹೊಸ ಮರಕ್ಕೆ ಹೊಸ ಮರವನ್ನು ಹೋಲಿಸಿದರೆ ಸರಿ. ಆದರೆ ಚಳಿನಾಡಿನಲ್ಲಿ ನಿಧಾನವಾಗಿ ಬೆಳೆದ ಆ ಹಳೆಯ ಪೈನ್ ಹಲಗೆ ನೂರೈವತ್ತು ವರ್ಷ ತುಳಿತ ತಾಳಿ ನಿಂತಿದೆ. ಮೂರ್ನಾಲ್ಕು ಮಿಲಿಮೀಟರ್ ಓಕ್ ಹೊದ್ದ ಹಲಗೆಯನ್ನು ಉಜ್ಜಬಹುದಾದದ್ದು ಕೆಲವೇ ಸಲ. ಪಾದರಕ್ಷೆ ಹೊರಗೆ ಬಿಟ್ಟು ಬರುವ ನಮ್ಮ ಮನೆಗಳಲ್ಲಿ ಮೆದುಮರಕ್ಕೆ ಬೀಳುವ ಪೆಟ್ಟು ಇನ್ನೂ ಕಡಿಮೆ. ಕೆಳಗಿನ ಮನೆಯವರ ನೆಮ್ಮದಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಳೆಯ ಮನೆಯನ್ನು ಫ್ಲ್ಯಾಟುಗಳಾಗಿ ಒಡೆದಾಗ ಕೆಳಕ್ಕೆ ಕೇಳುವ ಹೆಜ್ಜೆಸದ್ದು 64 ಡೆಸಿಬಲ್ ಮೀರಬಾರದೆಂಬ ನಿಯಮ ಬಂದದ್ದೇ 2003ರಲ್ಲಿ. ಹಳೆಯ ಕಟ್ಟಡಗಳಲ್ಲಿ ಪಕ್ಕದ ಮನೆಯ ದಿನನಿತ್ಯದ ಸದ್ದಿಗೆ ಪರಿಹಾರ ಕೇಳಿ ಬಂದ ಬಾಡಿಗೆದಾರರಿಗೆ 1999ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸೌತ್‌ವಾರ್ಕ್ ಪ್ರಕರಣದಲ್ಲಿ ಇಲ್ಲವೆಂದಿತು. ಎಷ್ಟೋ ಫ್ಲ್ಯಾಟುಗಳ ಗುತ್ತಿಗೆ ಪತ್ರದಲ್ಲಿ ಕಾರ್ಪೆಟ್ ಹಾಸಲೇಬೇಕೆಂಬ ಕರಾರು ಇರುವುದು ಈ ಸದ್ದಿನ ಕಾರಣಕ್ಕೇ.

ಹಾಗಾಗಿ, ಅಸಲಿ ನೆಲ ಯಾವುದು ಎಂದು ಹುಡುಕುವವರು ಮೊದಲು ತಮ್ಮ ಕಾರ್ಪೆಟ್ಟಿನ ಅಡಿಯಲ್ಲೇ ನೋಡಲಿ. ಅಲ್ಲಿ ಪೈನ್ ಹಲಗೆ ಸುಸ್ಥಿತಿಯಲ್ಲಿದ್ದರೆ ಸಂದು ಮುಚ್ಚಿಸಿ, ಉಜ್ಜಿಸಿ, ಎಣ್ಣೆ ಕೊಡಿಸುವುದು ಆ ಮನೆಗೆ ಸಲ್ಲಿಸುವ ದೊಡ್ಡ ಗೌರವ. ಹಲಗೆ ಹಾಳಾಗಿದ್ದರೆ, ಕಾಂಕ್ರೀಟ್ ನೆಲವಿದ್ದರೆ, ಗಟ್ಟಿಮರ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಅದು ಇಂದಿನ ಆಯ್ಕೆ ಎಂದು ತಿಳಿದು ಹಾಕಿದರೆ ಸಾಕು. ಆಗ ಬಣ್ಣಕ್ಕಿಂತ ಮೊದಲು ಕೇಳಬೇಕಾದದ್ದು ಮರ ಯಾವ ಕಾಡಿನದು, ಕಡಿದವರಿಗೆ ಕಡಿಯುವ ಹಕ್ಕು ಇತ್ತೇ ಎಂಬುದು. ಅಕ್ರಮವಾಗಿ ಕಡಿದ ಮರವನ್ನು ಮಾರುಕಟ್ಟೆಗೆ ತರುವುದು ಬ್ರಿಟನ್ನಿನಲ್ಲಿ 2013ರಿಂದ ಅಪರಾಧ. ಮ್ಯಾನ್ಮಾರಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ 2021ರಲ್ಲಿ ನಿರ್ಬಂಧ ಬಿದ್ದಿದೆ. ಕೆನರಾದ ಕಾಡಿನಿಂದ ತೇಗ ಸಾಗಿಸಿದಾಗ ಈ ಪ್ರಶ್ನೆಯನ್ನು ಲಂಡನ್ನಿನ ಗಿರಾಕಿಯ ಪರವಾಗಿ ಯಾರೂ ಕೇಳಲಿಲ್ಲ. ಇಂದು ಕೇಳುವ ಕಾನೂನೂ ಇದೆ, ದಾಖಲೆಯೂ ಇದೆ. ಆ ಕಾಡಿನ ನಾಡಿನಿಂದ ಬಂದು ಈ ಊರಿನಲ್ಲಿ ಮನೆ ಮಾಡಿದವರು ಅದನ್ನು ಎಲ್ಲರಿಗಿಂತ ಮೊದಲು ಕೇಳಬೇಕು.