ಗಾಲಿಕುರ್ಚಿಯವರಿಗೂ ಸ್ಕೂಬಾ: ಬೋಟ್ ಹೇಗಿರಬೇಕು?

ದೋಹಾ: 2022ರ ಫಿಫಾ ವಿಶ್ವಕಪ್ ಉದ್ಘಾಟನೆಯಲ್ಲಿ ಮಾರ್ಗನ್ ಫ್ರೀಮನ್ ಜೊತೆ ಕಾಣಿಸಿಕೊಂಡ ಕತಾರಿನ ಯುವಕ ಘಾನಿಮ್ ಅಲ್ ಮುಫ್ತಾಹ್ ಹಲವರಿಗೆ ನೆನಪಿರಬಹುದು. ಹುಟ್ಟಿನಿಂದಲೇ ದೇಹದ ಕೆಳಭಾಗ ಬೆಳೆಯದ ಅವರು ಸ್ಕೂಬಾ ಡೈವಿಂಗ್ ಕೂಡ ಮಾಡಿದವರು. ನೀರಿನೊಳಗೆ ದೇಹದ ಭಾರ ಗೊತ್ತಾಗೋದಿಲ್ಲ, ಕೈಗಳಿಂದಲೇ ಈಜಬಹುದು. ನಿಜವಾದ ಕಷ್ಟ ಇರೋದು ಬೋಟಿನಲ್ಲಿ.

ಹತ್ತುವಾಗ: ಜೆಟ್ಟಿಗೂ ಬೋಟಿಗೂ ನಡುವೆ ಅಂಚುಪಟ್ಟಿ ಇರುವ, ಜಾರದ ರ‍್ಯಾಂಪ್ ಬೇಕು. 12 ಅಡಿ ಉದ್ದಕ್ಕೆ 1 ಅಡಿ ಏರು ಸುರಕ್ಷಿತ. ಉಬ್ಬರ-ಇಳಿತಕ್ಕೆ ಈ ಏರು ಬದಲಾಗುತ್ತದೆ.

ಡೆಕ್ ಮೇಲೆ: ಗಾಲಿಕುರ್ಚಿಯನ್ನು ಬೆಲ್ಟ್ ಹಾಕಿ ಬಿಗಿಯಬೇಕು. ಬೆನ್ನುಹುರಿ ಪೆಟ್ಟಾದವರಿಗೆ ಕಾಲಿನ ಸ್ಪರ್ಶ ತಿಳಿಯದಿರಬಹುದು. ಗಲ್ಫ್ ಬಿಸಿಲಿಗೆ ಕಾದ ಕಬ್ಬಿಣ ಸುಟ್ಟರೂ ಗೊತ್ತಾಗದು. ನೆರಳು, ಮೆತ್ತನೆ ಹಾಸು, ನೀರಿನ ಶೂ ಕಡ್ಡಾಯ ಅಂದುಕೊಳ್ಳಿ. ಬಿಸಿಲು ತಾಳದವರೂ ಇರುತ್ತಾರೆ, ಕುಡಿಯುವ ನೀರು ಹತ್ತಿರವಿರಲಿ.

ನೀರಿಗೆ: ಅಂಚಿನಲ್ಲಿ ಕೂತು ಹಿಂದಕ್ಕೆ ಉರುಳುವುದು ಸುಲಭ. ವಾಪಸ್ ಬರುವಾಗ ಸಿಲಿಂಡರ್, ತೂಕದ ಬೆಲ್ಟ್ ನೀರಲ್ಲೇ ಬಿಚ್ಚಿ ಕೊಡಬೇಕು. ಏಣಿಗಿಂತ ನೀರಿನ ಮಟ್ಟಕ್ಕಿಳಿಯುವ ಲಿಫ್ಟ್ ಪ್ಲಾಟ್‌ಫಾರ್ಮ್ ಒಳ್ಳೆಯದು. ಕೈ ಹಿಡಿದು ಎಳೆಯುವುದು ಬೇಡ, ಭುಜಕ್ಕೆ ಪೆಟ್ಟಾಗುತ್ತದೆ.

ತರಬೇತಿ: 1981ರಲ್ಲಿ ಅಮೆರಿಕದಲ್ಲಿ ಶುರುವಾದ ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್ ಇದಕ್ಕೆಂದೇ ಕೋರ್ಸ್ ರೂಪಿಸಿತು. ಪಾಡಿಯಲ್ಲೂ ಅಡಾಪ್ಟಿವ್ ಕೋರ್ಸ್ ಇದೆ. ಬುಕ್ ಮಾಡುವ ಮುನ್ನ ಇನ್‌ಸ್ಟ್ರಕ್ಟರ್‌ಗೆ ಈ ತರಬೇತಿ ಆಗಿದೆಯಾ ಕೇಳಿ. ವೈದ್ಯರ ಒಪ್ಪಿಗೆಯೂ ಬೇಕು.

ಊರಿಗೆ ಹೊರಡುವವರು ಗಮನಿಸಿ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು.