ಭೂದೃಶ್ಯ ತಂತ್ರಾಂಶ

ಬೆಟ್ಟ, ಕಣಿವೆ, ಹೊಳೆ, ಕಡಲು, ಮೋಡ, ಮರಗಿಡಗಳನ್ನು ನಿಜವೆನ್ನಿಸುವಂತೆ ಕಂಪ್ಯೂಟರಿನಲ್ಲಿ ರೂಪಿಸುವ ತಂತ್ರಾಂಶ. ಚಲನಚಿತ್ರ, ವಿಡಿಯೊ ಗೇಮ್, ಪೈಲಟ್‌ಗಳ ತರಬೇತಿ, ತಾರಾಲಯದ ಪ್ರದರ್ಶನಗಳಲ್ಲಿ ಬಳಕೆಯಾಗುತ್ತದೆ. ಇದರ ಇತಿಹಾಸ ನಾಲ್ಕು ದಶಕಗಳಿಗಿಂತ ತುಸು ಹೆಚ್ಚಿನದು. ಮೊದಮೊದಲು ನೆಲದ ಆಕಾರವನ್ನಷ್ಟೇ ಗಣಿತದಿಂದ ಅನುಕರಿಸುತ್ತಿದ್ದರು. ಆ ಆಕಾರ ಕೊಟ್ಟ ಮಳೆನೀರನ್ನೇ ಲೆಕ್ಕಕ್ಕೆ ತಂದದ್ದು ಆಮೇಲೆ. ಈ ಎರಡನೆಯ ಹೆಜ್ಜೆ ಯಾಕೆ ಬೇಕಾಯಿತು ಎಂಬುದು ಮಂಗಳೂರಿನ ಯಾವುದೇ ಗುಡ್ಡೆ ಇಳಿದರೂ ತಿಳಿಯುತ್ತದೆ.

ಮೂಲ ವಿಚಾರ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾ ಅವರದು. ಅಳತೆಕೋಲು ಚಿಕ್ಕದಾದಷ್ಟೂ ಬ್ರಿಟನ್ನಿನ ಕರಾವಳಿಯ ಉದ್ದ ಹೆಚ್ಚುತ್ತಲೇ ಹೋಗುತ್ತದೆ ಎಂದು 1967ರ ಪ್ರಬಂಧವೊಂದರಲ್ಲಿ ಅವರು ತೋರಿಸಿದರು. ದೂರದಿಂದ ಕಂಡ ಅಂಕುಡೊಂಕು ಹತ್ತಿರ ಹೋದಾಗಲೂ ಅದೇ ಬಗೆಯಲ್ಲಿ ಕಾಣುವ ಇಂಥ ಆಕಾರಗಳಿಗೆ ಅವರೇ ಫ್ರ್ಯಾಕ್ಟಲ್ ಎಂದು ಹೆಸರಿಟ್ಟರು. ಸಿಯಾಟಲ್‌ನ ಬೋಯಿಂಗ್ ಸಂಸ್ಥೆಯಲ್ಲಿದ್ದ ಲೊರೆನ್ ಕಾರ್ಪೆಂಟರ್ ಅವರಿಗೆ ವಿಮಾನಗಳ ಚಿತ್ರದ ಹಿನ್ನೆಲೆಗೆ ಬೆಟ್ಟಗಳು ಬೇಕಿದ್ದವು. ಅವರು ಹಿಡಿದ ದಾರಿ ಸರಳ. ಒಂದು ತ್ರಿಕೋನ ಎಳೆದು, ಪ್ರತಿ ಬದಿಯ ನಡುಬಿಂದುವನ್ನು ಮನಬಂದಂತೆ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಸುವುದು. ಆಗ ನಾಲ್ಕು ತ್ರಿಕೋನಗಳಾಗುತ್ತವೆ. ಸರಿಸುವ ಪ್ರಮಾಣವನ್ನು ಇಳಿಸಿಕೊಂಡು ಅವಕ್ಕೂ ಹಾಗೆಯೇ ಮಾಡುವುದು. ಹತ್ತು ಸುತ್ತು ಮುಗಿಯುವಾಗ ಒಂದು ತ್ರಿಕೋನ ಹತ್ತು ಲಕ್ಷಕ್ಕೂ ಹೆಚ್ಚು ತ್ರಿಕೋನಗಳ ಪರ್ವತವಾಗಿರುತ್ತದೆ. ಹೀಗೆ ಕಟ್ಟಿದ ಬೆಟ್ಟಗಳ ನಡುವೆ ಹಾರುವ ಎರಡು ನಿಮಿಷದ ‘ವಾಲ್ ಲಿಬ್ರ್’ ಚಿತ್ರವನ್ನು ಅವರು 1980ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ಸಿಗ್ರಾಫ್ ಸಮ್ಮೇಳನದಲ್ಲಿ ತೋರಿಸಿದರು. ಅದರ ಬೆನ್ನಿಗೇ ಚಲನಚಿತ್ರ ಸಂಸ್ಥೆ ಲುಕಾಸ್‌ಫಿಲ್ಮ್ ಸೇರಿದರು. 1982ರ ‘ಸ್ಟಾರ್ ಟ್ರೆಕ್ 2’ ಚಿತ್ರದಲ್ಲಿ ಬರಡು ಗ್ರಹವೊಂದು ಹಸಿರಾಗುವ ಸುಮಾರು ಒಂದು ನಿಮಿಷದ ದೃಶ್ಯದಲ್ಲಿರುವುದು ಇದೇ ವಿಧಾನದ ಬೆಟ್ಟಗಳು. ಮನಬಂದ ಏರಿಳಿತಗಳನ್ನು ನಯವಾಗಿ ಹುಟ್ಟಿಸುವ, ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ‘ನಾಯ್ಸ್’ ಸೂತ್ರ ಮೋಡ, ಕಲ್ಲು, ನೀರಿನ ಮೇಲ್ಮೈಗಳಿಗೂ ದಾರಿ ತೆರೆಯಿತು. ಇಂದಿಗೂ ಅದನ್ನು ಬಳಸದ ಭೂದೃಶ್ಯ ತಂತ್ರಾಂಶ ಸಿಗುವುದು ಅಪರೂಪ.

ಆದರೆ ಈ ಬೆಟ್ಟಗಳಲ್ಲಿ ದೊಡ್ಡ ಕೊರತೆಯೊಂದಿತ್ತು. ಅವನ್ನು ತಲೆಕೆಳಗು ಮಾಡಿದರೂ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. ಏಣುಗಳು ಹೇಗಿದ್ದವೋ ಕಣಿವೆಗಳೂ ಹಾಗೆಯೇ ಇದ್ದವು. ಎಲ್ಲೆಲ್ಲೂ ಕುಳಿ. ಬಿದ್ದ ಮಳೆ ಹರಿದು ಕಡಲು ಸೇರಲು ಹಾದಿಯೇ ಇಲ್ಲ.

ಮಂಗಳೂರಿನ ನೆಲ ಇದಕ್ಕೆ ಪೂರ್ತಿ ವಿರುದ್ಧ. ವರ್ಷಕ್ಕೆ 3,500 ಮಿಲಿಮೀಟರ್ ಮೀರುವ ಮಳೆ ಇಲ್ಲಿ ಕೆಂಪುಕಲ್ಲಿನ ನೆಲವನ್ನು ಕೊರೆಯುತ್ತ ಬಂದಿದೆ. ಗುಡ್ಡೆಯ ನೆತ್ತಿ ಚೂಪಲ್ಲ, ಹಾಸಿದಂತೆ ಚಪ್ಪಟೆ. ಅದಕ್ಕೆ ಪದವು ಎನ್ನುತ್ತಾರೆ. ಬಜಪೆಯ ವಿಮಾನ ನಿಲ್ದಾಣ ಇರುವುದೂ ಇಂಥ ಸಮತಟ್ಟು ನೆತ್ತಿಯ ಮೇಲೆ. ಬಿಸಿಲುಗಾಳಿಗೆ ತೆರೆದುಕೊಂಡ ಕಬ್ಬಿಣದ ಅಂಶದ ಮೇಲ್ಪದರ ಗಟ್ಟಿಯಾಗಿ ನಿಲ್ಲುತ್ತದೆ, ಅಡಿಯ ಮೆದು ಮಣ್ಣು ಕೊಚ್ಚಿಹೋಗುತ್ತದೆ, ಅಂಚು ಕಡಿದಾಗುತ್ತದೆ. ಅಲ್ಲಿಂದ ತೋಡುಗಳು ಇಳಿದು ನೇತ್ರಾವತಿಗೋ ಗುರುಪುರ ಹೊಳೆಗೋ ಸೇರುತ್ತವೆ. ತುಳುನಾಡಿನ ರೈತರು ಗದ್ದೆಗಳಿಗೆ ಹೆಸರಿಟ್ಟದ್ದೂ ನೀರನ್ನು ನೋಡಿಯೇ: ಮಳೆಯನ್ನಷ್ಟೇ ನಂಬಿದ ಮೇಲಿನ ಗದ್ದೆ ಬೆಟ್ಟು, ನಡುವಿನದು ಮಜಲು, ತಗ್ಗಿನಲ್ಲಿ ಸದಾ ತೇವವಿರುವುದು ಬೈಲು. ನಡುಬಿಂದು ಸರಿಸುವ ವಿಧಾನದಲ್ಲಿ ಇವುಗಳಲ್ಲಿ ಒಂದೂ ಹುಟ್ಟುವುದಿಲ್ಲ.

ಈ ಕೊರತೆಗೆ ಗಟ್ಟಿ ಉತ್ತರ ಬಂದದ್ದು 1989ರಲ್ಲಿ. ಸಂಶೋಧಕರಾದ ಕೆಂಟನ್ ಮಸ್‌ಗ್ರೇವ್, ಕ್ರೇಗ್ ಕೋಲ್ಬ್, ರಾಬರ್ಟ್ ಮೇಸ್ ಸವೆತವನ್ನೇ ಲೆಕ್ಕ ಹಾಕಿದರು. ನೆಲವನ್ನು ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದ ಎತ್ತರ, ಅದರ ಮೇಲಿನ ನೀರು, ನೀರಿನಲ್ಲಿ ಬೆರೆತ ಮಣ್ಣು ಎಷ್ಟೆಂದು ಬರೆದಿಟ್ಟುಕೊಳ್ಳುವುದು. ನೀರನ್ನು ತಗ್ಗಿನ ಚೌಕಕ್ಕೆ ಹರಿಸುವುದು. ಇಳಿಜಾರು ಹೆಚ್ಚಿದ್ದಲ್ಲಿ ಮಣ್ಣು ಕೀಳುವುದು, ವೇಗ ತಗ್ಗಿದಲ್ಲಿ ಬಿಡುವುದು. ಸಾವಿರಾರು ಸುತ್ತಿನ ಬಳಿಕ ತೋಡುಗಳು ತಾವಾಗಿಯೇ ಮೂಡುತ್ತವೆ. ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಮಹತ್ವದ ತಿರುವು ಇನ್ನೊಂದಿಲ್ಲ. ಪದವು ಬೇಕಾದರೆ ಮಾತ್ರ ಇನ್ನೂ ಒಂದು ಮಾಹಿತಿ ಕೊಡಬೇಕು: ಮೇಲ್ಪದರ ಗಟ್ಟಿ, ಕೆಳಗಿನದು ಮೆದು ಎಂಬುದು.

ಈ ವಿದ್ಯೆ ಮನೆಯ ಕಂಪ್ಯೂಟರಿಗೆ ಬಂದದ್ದು 1990ರ ದಶಕದಲ್ಲಿ. ಅಮಿಗಾ ಯಂತ್ರಗಳಲ್ಲಿ ವಿಸ್ಟಾ ಪ್ರೊ, 1994ರಲ್ಲಿ ಮ್ಯಾಕಿಂಟಾಷ್‌ನಲ್ಲಿ ಬ್ರೈಸ್, ದಶಕದ ಕೊನೆಗೆ ಇಂಗ್ಲೆಂಡಿನ ಮ್ಯಾಟ್ ಫೇರ್‌ಕ್ಲಫ್ ಅವರ ಟೆರಾಜೆನ್. ವಾಣಿಜ್ಯೇತರ ಬಳಕೆಗೆ ಉಚಿತವಾಗಿದ್ದ ಟೆರಾಜೆನ್ ಹವ್ಯಾಸಿಗಳ ದೊಡ್ಡ ಬಳಗವನ್ನೇ ಬೆಳೆಸಿತು. ಫ್ರಾನ್ಸಿನ ವ್ಯೂ, ಎತ್ತರ ಮತ್ತು ಇಳಿಜಾರು ನೋಡಿ ಲಕ್ಷಗಟ್ಟಲೆ ಗಿಡಗಳನ್ನು ತಾನೇ ನೆಡುವ ಸೌಲಭ್ಯ ತಂದಿತು. 2024ರಲ್ಲಿ ಅದನ್ನು ಎಲ್ಲರಿಗೂ ಉಚಿತಗೊಳಿಸಲಾಯಿತು. ಸವೆತದ ಲೆಕ್ಕವನ್ನೇ ಮುಖ್ಯವಾಗಿಟ್ಟುಕೊಂಡ ವರ್ಲ್ಡ್ ಮಷಿನ್, ಗಾಯಾ ಬಂದವು. ಮುಕ್ತ ತಂತ್ರಾಂಶ ಬ್ಲೆಂಡರ್‌ನಲ್ಲೂ ಭೂದೃಶ್ಯದ ಉಪಕರಣವಿದೆ.

ಕಲ್ಪಿತ ನೆಲದ ಜೊತೆಗೆ ಅಳೆದ ನೆಲವೂ ಸೇರಿತು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನಗಳ ಯಾನದಲ್ಲಿ ಭೂಭಾಗದ ಸುಮಾರು ಶೇ 80ರಷ್ಟನ್ನು ರೇಡಾರ್‌ನಿಂದ ಅಳೆಯಿತು. 2005ರ ಮೇ 5ರಂದು ಇಸ್ರೊ ಹಾರಿಸಿದ ಕಾರ್ಟೊಸ್ಯಾಟ್-1 ಜೋಡಿ ಕ್ಯಾಮೆರಾಗಳಿಂದ ಭಾರತದ ನೆಲದ ಎತ್ತರ ಗುರುತಿಸಿತು. ಇಂಥ ಮಾಹಿತಿಯನ್ನು ತಂತ್ರಾಂಶಕ್ಕೆ ಕೊಟ್ಟರೆ ಬೆಂಗ್ರೆಯ ಮರಳುದಂಡೆಯಿಂದ ಕುದುರೆಮುಖದವರೆಗೆ ನೆಲ ಎದ್ದು ನಿಲ್ಲುತ್ತದೆ. ಎಚ್ಚರ ಬೇಕಾದದ್ದು ಒಂದು ಕಡೆ: ಎಂಡೆವರ್‌ನ ರೇಡಾರ್ ಕಿರಣಗಳು ಬಹುಪಾಲು ದಟ್ಟ ಮರಗಳ ಎಲೆಕೊಂಬೆಗಳಿಂದಲೇ ಹಿಂತಿರುಗುವುದರಿಂದ ಒತ್ತಾದ ತೋಟವಿದ್ದಲ್ಲಿ ನೆಲವೇ ಎತ್ತರವಿದ್ದಂತೆ ದಾಖಲಾಗುತ್ತದೆ. ಕರಾವಳಿಯನ್ನು ಚಿತ್ರಿಸುವವರು ಈ ಹುಸಿ ಎತ್ತರವನ್ನು ಕೈಯಾರೆ ತಗ್ಗಿಸಬೇಕು.

ಮರಗಳ ಕವಲೊಡೆಯುವಿಕೆಗೆ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡೆನ್‌ಮೇಯರ್ 1968ರಲ್ಲಿ ಕೊಟ್ಟ ಸೂತ್ರಗಳು ಆಧಾರವಾದವು. ಗೇಮ್‌ಗಳಲ್ಲಿ ಕಾಡು ಬೆಳೆಸಲು ಸ್ಪೀಡ್‌ಟ್ರೀ ಹೆಸರಾಯಿತು. ಆರಂಭದಲ್ಲಿ ಹೇಳಿದ ತಾರಾಲಯದ ಬಳಕೆಯ ಮಾತಿಗೆ ಬಂದರೆ, ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತ್ರೀಡಿ ತಾರಾಲಯದ ಮೂಲಕ ಡಿಜಿಟಲ್ ಗುಮ್ಮಟದ ದೃಶ್ಯಾನುಭವ ಮಂಗಳೂರಿನವರಿಗೂ ದಕ್ಕಿದೆ.

ನೀರಿನ ಬಣ್ಣದ ಲೆಕ್ಕಕ್ಕೆ ಸಿ.ವಿ. ರಾಮನ್ ಅವರ ಋಣವಿದೆ. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು 1921ರ ಹಡಗುಯಾನದಲ್ಲಿ ಅವರು ಕಂಡುಕೊಂಡರು. ತಂತ್ರಾಂಶಗಳು ನೀರು ಬೆಳಕನ್ನು ಎಷ್ಟು ಹೀರುತ್ತದೆ, ಎಷ್ಟು ಚದುರಿಸುತ್ತದೆ ಎಂದು ಬೇರೆಬೇರೆಯಾಗಿ ಕೇಳುತ್ತವೆ. ಡಿಸೆಂಬರಿನ ಪಣಂಬೂರು ಕಡಲಿಗೆ ಚದುರಿಸುವ ಅಂಕಿ ಕಡಿಮೆಯಿದ್ದರೆ ನಡೆದೀತು. ಮಳೆಗಾಲದ ಆಟಿ ತಿಂಗಳಲ್ಲಿ, ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಕೆಂಪು ನೀರು ಅಳಿವೆ ದಾಟಿ ಕಡಲಿಗೆ ಹರಡುವಾಗ, ಚದುರಿಸುವ ಅಂಕಿಯನ್ನು ಏರಿಸಿ ಅದಕ್ಕೆ ಮಣ್ಣಿನ ಬಣ್ಣ ಕೊಡಬೇಕಾಗುತ್ತದೆ.