ಮೇಷ್ಟರ ಪಾಲಿಗೆ ಬಂದ ಕೆಲಸ



ಹೈಸ್ಕೂಲು ಮಕ್ಕಳ ಮನಸ್ಸನ್ನೂ ಮೇಷ್ಟರೇ ನೋಡಿಕೊಳ್ಳಬೇಕು ಎಂಬ ಮಾತು ಈಗ ಎಲ್ಲ ಊರುಗಳಲ್ಲೂ ಕೇಳಿಬರುತ್ತಿದೆ. ಈ ಮಾತಿಗೊಂದು ಹಳೆಯ ಕಥೆಯಿದೆ.

ಮದರಾಸಿನ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ (1952-53) ಶಾಲೆಗಳಿಗೆ ತರಬೇತಿ ಪಡೆದ ಮಾರ್ಗದರ್ಶಕರು ಬೇಕೆಂದು ಹೇಳಿತು. ಕೊಠಾರಿ ಆಯೋಗ (1964-66) ಹತ್ತು ಶಾಲೆಗೊಬ್ಬ ಸಲಹೆಗಾರರಾದರೂ ಬಂದು ಹೋಗಲಿ ಎಂದಿತು. ಬಹುಪಾಲು ಶಾಲೆಗಳಿಗೆ ಯಾರೂ ಬರಲಿಲ್ಲ. ಅಳುತ್ತ ಕೂತ ಹುಡುಗಿಯನ್ನು ಮಾತಾಡಿಸುವ ಕೆಲಸ ಕ್ಲಾಸ್ ಟೀಚರ್ ಪಾಲಿಗೇ ಉಳಿಯಿತು.

ಬೆಂಗಳೂರಿನ ನಿಮ್ಹಾನ್ಸ್ ಈ ಸ್ಥಿತಿಯನ್ನು ಒಪ್ಪಿಕೊಂಡೇ ಕೆಲಸ ಶುರುಮಾಡಿತು. ಹೊರಗಿನಿಂದ ತಜ್ಞರನ್ನು ಕಳಿಸುವ ಬದಲು ಅಲ್ಲಿನ ಮೇಷ್ಟರಿಗೇ ತರಬೇತಿ ಕೊಟ್ಟು, ತರಗತಿಯಲ್ಲಿ ಗುಂಪುಚರ್ಚೆ, ಅಭಿನಯಗಳ ಮೂಲಕ ಜೀವನ ಕೌಶಲ್ಯ ಕಲಿಸುವ ಕ್ರಮವದು. ಡಾ. ಶ್ರೀಕಲಾ ಭರತ್ ಮತ್ತು ಡಾ. ಕೆ.ವಿ. ಕಿಶೋರ್ ಕುಮಾರ್ 2010ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷ ಈ ಪಾಠ ಕಲಿತ 605 ಮಕ್ಕಳನ್ನು, ಕಲಿಯದ 423 ಮಕ್ಕಳ ಜೊತೆ ಹೋಲಿಸಿದ್ದರು. ಕಲಿತವರಲ್ಲಿ ಆತ್ಮಗೌರವ ಹೆಚ್ಚಿತ್ತು, ಮೇಷ್ಟರೊಂದಿಗಿನ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮನೆಯವರೊಂದಿಗಿನ ಹೊಂದಾಣಿಕೆಯಲ್ಲಾಗಲಿ, ಮಾನಸಿಕ ತೊಂದರೆಯ ಲಕ್ಷಣಗಳಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಮುಚ್ಚಿಡದೆ ಬರೆದದ್ದು ನನಗೆ ಇಷ್ಟವಾಯಿತು.

ಇದಕ್ಕಿಂತ ಖಾರವಾದ ಉತ್ತರ ಬಂದದ್ದು ಬಿಹಾರದಿಂದ. ಗೋವಾದ 'ಸಂಗಾತ್' ಸಂಸ್ಥೆಯವರು ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆಸಿದ ಪ್ರಯೋಗ 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಗೋಡೆಪತ್ರಿಕೆ, ಮಕ್ಕಳು ಚೀಟಿ ಬರೆದು ಹಾಕುವ ಪೆಟ್ಟಿಗೆ, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವುದು, ಹೀಗೆ ಕಾರ್ಯಕ್ರಮ ಒಂದೇ. ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ನೇಮಿಸಿದ, ತರಬೇತಿ ಪಡೆದ ಸಾಮಾನ್ಯರು ನಡೆಸಿದರು. ಕೆಲವು ಕಡೆ ಅಲ್ಲಿನ ಶಿಕ್ಷಕರೇ. ಮೊದಲಿನ ಕಡೆ ಶಾಲೆಯ ವಾತಾವರಣ ಸುಧಾರಿಸಿತು. ಖಿನ್ನತೆಯೂ ಮಕ್ಕಳು ಮಕ್ಕಳನ್ನೇ ಕಾಡಿಸುವುದೂ ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ಏನೂ ಬದಲಾಗಲಿಲ್ಲ.

ಹಾಗೆಂದು ಆ ಶಿಕ್ಷಕರನ್ನು ದೂರಲು ನನಗೆ ಮನಸ್ಸಿಲ್ಲ. ಪಾಠ, ಪರೀಕ್ಷೆ, ಮೇಲಿನವರು ಹೇಳಿದ ಲೆಕ್ಕಪತ್ರ, ಇವುಗಳ ನಡುವೆ ಕೂತು ಕೇಳಲು ಬಿಡುವೆಲ್ಲಿ? ಇನ್ನೊಂದು ತೊಡಕೂ ಇದೆ: ಬೆತ್ತದ ಬಗ್ಗೆ ಚೀಟಿ ಬರೆಯುವ ಮಗು, ಬೆತ್ತ ಹಿಡಿದವರೇ ಪೆಟ್ಟಿಗೆ ತೆರೆಯುತ್ತಾರೆಂದರೆ ಬರೆದೀತೇ?

ನಳಂದಾದಲ್ಲಿ ಎರಡನೇ ವರ್ಷವೂ ಅಳೆದು ನೋಡಿದರು. ಪ್ರತ್ಯೇಕ ಆಪ್ತಸಲಹೆಗಾರರಿದ್ದ ಶಾಲೆಗಳಲ್ಲಿ ಸುಧಾರಣೆ ಮೊದಲ ವರ್ಷಕ್ಕಿಂತ ಹೆಚ್ಚಾಗಿತ್ತು.